ಹೇಸಿಗೆಯ ಕಸಿ

ಕುಡುಕನಿಗೆ ಎದುರಿಗಿರುವವರ ಮುಖದ ಮೇಲಿನ ಹೇಸಿಗೆ ಕಾಣುವುದಿಲ್ಲ. ವನಜಾಕ್ಷಿ ಇದನ್ನು ಹನ್ನೊಂದು ವರ್ಷದಿಂದ ತನ್ನ ಮನೆಯಲ್ಲೇ ನೋಡಿಕೊಂಡು ಬಂದಿದ್ದಳು. ವಿಜ್ಞಾನಿಗಳಿಗೆ ಅದು ತೀರಾ ಈಚೆಗೆ ಗೊತ್ತಾಗಿತ್ತು. ಗೊತ್ತಾದದ್ದೇ ತಡ, ಅದಕ್ಕೊಂದು ಯಂತ್ರವನ್ನೂ ಮಾಡಿಬಿಟ್ಟಿದ್ದರು.

ಮೈಸೂರಿನ ಹೊರವಲಯದ ನರಸಂಶೋಧನಾ ಕೇಂದ್ರದ ಎರಡನೆಯ ಮಹಡಿಯಲ್ಲಿ ಆ ಯಂತ್ರದ ಟೋಪಿ ಹಾಕಿಕೊಂಡು ಅವಳು ಕೂತಿದ್ದಳು. ತಲೆಗೂದಲಿನ ಸಂದಿನಲ್ಲೆಲ್ಲ ತಂತಿ, ಹಣೆಗೆ ತಣ್ಣನೆಯ ಅಂಟು. ಡಾಕ್ಟರ್ ಇಂದುಧರ ಮೂರನೆಯ ಸಲ ಅದನ್ನೇ ವಿವರಿಸುತ್ತಿದ್ದರು.

"ನೋಡಿ ವನಜಾಕ್ಷಿಯವರೇ, ಮೆದುಳಿನ ಒಳಮಡಿಕೆಯಲ್ಲಿ ಒಂದು ಜಾಗ ಇದೆ. ಹಳಸಿದ ಅನ್ನ ಬಾಯಿಗೆ ಹೋದ್ರೆ ಥೂ ಅಂತ ಉಗಿಸೋದು ಅದೇ. ಬೇರೆಯವರು ಮುಖ ಸಿಂಡರಿಸಿದಾಗ ನಮಗೆ ಅರ್ಥ ಆಗೋದೂ ಅದರಿಂದಲೇ. ವರ್ಷಗಟ್ಟಲೆ ವಿಪರೀತ ಕುಡಿದ್ರೆ ಅದು ಜಡ್ಡುಗಟ್ಟತ್ತೆ. ನಿಮ್ಮ ಯಜಮಾನ್ರದ್ದು ಹೆಚ್ಚುಕಡಿಮೆ ಸತ್ತೇ ಹೋಗಿದೆ. ಹೆಂಡದ ವಾಸನೆ ಬಡಿದ್ರೆ ನಿಮ್ಮ ತಲೇಲಿ ಏಳೋ ಹೇಸಿಗೆಯ ಅಲೆಯನ್ನ ನಾವು ಬರ್ಕೋತೀವಿ. ಅಯಸ್ಕಾಂತದ ಮಿಡಿತ ಕೊಟ್ಟು ಅದೇ ಅಲೆ ಅವರ ತಲೇಲೂ ಏಳೋ ಹಾಗೆ ಮಾಡ್ತೀವಿ. ಮಾವಿನ ಗಿಡಕ್ಕೆ ಕಸಿ ಕಟ್ಟಲ್ವಾ, ಹಾಗೆ. ಹತ್ತು ವರ್ಷಕ್ಕಿಂತ ಹೆಚ್ಚು ಒಂದೇ ಸೂರಿನಡಿ ಬಾಳಿದವರ ಕಸಿಯೇ ಹತ್ತೋದು."

"ನನ್ ಹತ್ರ ಬೇಕಾದಷ್ಟು ಅದೆ ಸಾರ್," ಅಂದಳು ವನಜಾಕ್ಷಿ. "ನಿಮ್ಗೆ ಎಷ್ಟು ಬೇಕೋ ಅಷ್ಟು ತಗಳಿ."

ಡಾಕ್ಟರು ನಗಲಿಲ್ಲ. ಹಿಂದಿನ ವಾರವೇ ಅವರು ಅವಳ ಗಂಡ ಚೆಲುವರಾಜುವಿನ ಮೆದುಳಿನ ಚಿತ್ರ ತೋರಿಸಿದ್ದರು. ಬುಡದಲ್ಲಿ ಕಡಲೆಕಾಳಿನಷ್ಟಿರುವ ಎರಡು ಗಂಟುಗಳಿವೆಯಂತೆ, ಹೊಸ ನೆನಪು ನಿಲ್ಲಬೇಕಾದರೆ ಅವು ನೆಟ್ಟಗಿರಬೇಕಂತೆ. ಊಟ ಬಿಟ್ಟು ಬರೀ ಕುಡಿದು, ಬಿ-ಒಂದು ಜೀವಸತ್ವ ಬತ್ತಿ, ಅವನವು ಸೊರಗಿ ಸುಕ್ಕಾಗಿದ್ದವು. ಇನ್ನು ಮೂರು ತಿಂಗಳು ಹೀಗೇ ಕುಡಿದರೆ ಅವನಿಗೆ ಒಂದು ನಿಮಿಷದ ಹಿಂದಿನದೂ ನೆನಪಿರುವುದಿಲ್ಲ, ಆಮೇಲೆ ಯಾವ ಮದ್ದಿನಿಂದಲೂ ಅದು ವಾಪಸು ಬರುವುದಿಲ್ಲ, ಉಳಿದ ಆಯುಷ್ಯವೆಲ್ಲ ವಾರ್ಡಿನ ಮಂಚದ ಮೇಲೇ ಅಂದಿದ್ದರು. ಆಗಲೇ ಅರ್ಧ ಹೋಗಿತ್ತು. ಅವನು ಬಡಾವಣೆಗೆ ನೀರು ಬಿಡುವ ವಾಲ್ವ್‌ಮ್ಯಾನ್. ಒಂದು ದಿನ ತಿರುಗಿಸಿದ ವಾಲ್ವನ್ನು ಮುಚ್ಚುವುದು ಮರೆತು ಒಂದು ಬೀದಿಯ ಮನೆಗಳಿಗೆಲ್ಲ ನೀರು ನುಗ್ಗಿಸಿ ಕೆಲಸ ಕಳೆದುಕೊಂಡಿದ್ದ.

ಯಂತ್ರ ನಡೆಸುವ ಹುಡುಗಿ ಫರ್ಹಾನಾ ಬ್ರಾಂದಿಯಲ್ಲಿ ಅದ್ದಿದ ಹತ್ತಿಯನ್ನು ವನಜಾಕ್ಷಿಯ ಮೂಗಿನ ಹತ್ತಿರ ಹಿಡಿದಳು. ಪರದೆಯ ಮೇಲಿನ ಗೆರೆ ಅಲುಗಲಿಲ್ಲ. ವಿಸ್ಕಿ ಹಿಡಿದಳು. ಅಲುಗಲಿಲ್ಲ. ಎಲ್ಲಿಂದಲೋ ತರಿಸಿದ್ದ ಕಳ್ಳಭಟ್ಟಿಯನ್ನೂ ಹಿಡಿದಳು, ಅದರ ಘಾಟಿಗೆ ಹಿಡಿದವಳ ಕಣ್ಣಲ್ಲೇ ನೀರು ಬಂತು. ಗೆರೆ ಮಾತ್ರ ಕೆರೆಯ ನೀರಿನ ಹಾಗೆ ತಣ್ಣಗೆ ಮಲಗಿತ್ತು.

"ಇದು ಕೊಳೆತ ಬೆಲ್ಲದ್ದು. ನವಸಾಗರ ಜಾಸ್ತಿ ಹಾಕವ್ರೆ," ಅಂದಳು ವನಜಾಕ್ಷಿ.

ತಪ್ಪು ಅವಳ ಕಸುಬಿನದು. ಹದಿನೇಳು ವರ್ಷದಿಂದ ಅವಳು ಅಗರಬತ್ತಿ ಕಾರ್ಖಾನೆಯ ಕಂಪಿನ ಕೋಣೆಯಲ್ಲಿ ಮೂಸುವವಳು. ಹೊರಗಿನವರಿಗೆ ಅಲ್ಲಿ ಬರೀ ಮಲ್ಲಿಗೆ, ಗಂಧ ಇರುತ್ತದೆ ಅಂತ. ಬೆಕ್ಕಿನ ಮೈಯಿಂದ ತೆಗೆದ ಪುನುಗನ್ನು ಹಸಿಯಾಗಿ ಮೂಸಿದವರು ಹಾಗನ್ನುವುದಿಲ್ಲ, ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬರುತ್ತದೆ. ಆ ಕೋಣೆಯಲ್ಲಿ ಒಂದು ಕಟ್ಟುನಿಟ್ಟು ಇದೆ: ಏನೇ ಮೂಸಿದರೂ ಮುಖ ಸಿಂಡರಿಸುವಂತಿಲ್ಲ. ಒಬ್ಬಳು ಸಿಂಡರಿಸಿದರೆ ಪಕ್ಕದವಳ ಮೂಗೂ ಕೆಡುತ್ತದೆ. ಸಿಂಡರಿಸಿದವಳು ಅವತ್ತಿಗೆ ಪ್ಯಾಕಿಂಗಿಗೆ ಹೋಗಬೇಕು. ಹಾಗೆ ಪಳಗಿದ ಮೂಗು ಬಾಟಲಿಯ ಹೆಂಡಕ್ಕೆ ಹೆದರುತ್ತದೆಯೇ?

ಒಂದು ಗಂಟೆ ಹೆಣಗಿದ ಮೇಲೆ ಫರ್ಹಾನಾಗೆ ಒಂದು ಉಪಾಯ ಹೊಳೆಯಿತು. ಚೆಲುವರಾಜುವನ್ನು ಚರಂಡಿಯಿಂದ ಎತ್ತಿ ತಂದು ದಾಖಲು ಮಾಡಿದ ದಿನ ಅವನು ತೊಟ್ಟಿದ್ದ ಅಂಗಿ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟಿತ್ತು. ಗಂಟು ಬಿಚ್ಚಿ ಚೀಲದ ಬಾಯನ್ನು ವನಜಾಕ್ಷಿಯ ಮುಖಕ್ಕೆ ಹಿಡಿದಳು.

ಹಳೆಯ ಬೆವರು, ವಾಂತಿಯ ಹುಳಿ, ರಾತ್ರಿ ಕುಡಿದದ್ದು ಬೆಳಿಗ್ಗೆ ಚರ್ಮದಿಂದ ಹೊರಬರುವ ಕೊಳೆತ ಹಣ್ಣಿನಂಥ ವಾಸನೆ, ಬೀಡಿ, ಉಚ್ಚೆ. ವನಜಾಕ್ಷಿಯ ಹೊಟ್ಟೆ ಹಿಂಡಿತು, ಗಂಟಲಿಗೆ ಹುಳಿನೀರು ಬಂತು. ಗೆರೆ ಪರದೆಯ ತುದಿ ಮುಟ್ಟಿ ಅಲ್ಲೇ ನಿಂತಿತು. ಫರ್ಹಾನಾ ಚಪ್ಪಾಳೆ ತಟ್ಟಿದಳು.

"ಅಂಗೀದು ಸಾರ್," ಅಂದಳು ಡಾಕ್ಟರಿಗೆ.

"ಹೆಂಡದ ವಾಸನೆ ತಾನೇ? ಬಾಟ್ಲಿಯಿಂದ ಬಂದ್ರೇನು, ಅಂಗಿಯಿಂದ ಬಂದ್ರೇನು? ಬರ್ಕೋ," ಅಂದರು ಇಂದುಧರ.

ಎರಡೂ ಒಂದೇ ಅಲ್ಲವೆಂದು ವನಜಾಕ್ಷಿಯ ಮೂಗಿಗೆ ಗೊತ್ತಿತ್ತು. ಇಷ್ಟು ಓದಿದವರಿಗೆ ಗೊತ್ತಿಲ್ಲದ್ದನ್ನು ತಾನೇನು ಹೇಳುವುದು ಎಂದು ಬಾಯಿ ಮುಚ್ಚಿಕೊಂಡು ಕೂತಳು. ಆಮೇಲೆ ಅದಕ್ಕಾಗಿ ತನ್ನನ್ನು ತಾನೇ ಬೇಕಾದಷ್ಟು ಬೈದುಕೊಂಡಳು.

ಕಸಿ ಕಟ್ಟಿ, ದಿನಾ ಜೀವಸತ್ವದ ಸೂಜಿ ಚುಚ್ಚಿ, ಮೂರು ವಾರದ ಮೇಲೆ ಚೆಲುವರಾಜುವನ್ನು ಮನೆಗೆ ಕಳಿಸಿದರು. ಆಸ್ಪತ್ರೆಯಲ್ಲಿರುವಷ್ಟು ದಿನವೂ ಸರಿಯಾಗಿಯೇ ಇದ್ದ. ಮನೆಗೆ ಬಂದ ನಾಲ್ಕನೆಯ ದಿನ ಕಾಲುಗಳು ತಾವಾಗಿಯೇ ಅಂಗಡಿಗೆ ನಡೆದವು. ಹೆಂಡತಿ ಹೇಳಿದ್ದು ಐದು ನಿಮಿಷ ನಿಲ್ಲದ ತಲೆಗೆ ಹೆಂಡದಂಗಡಿಯ ದಾರಿ ಮಾತ್ರ ಹೇಗೆ ನೆನಪಿರುತ್ತದೋ, ಅವನ ತಲೆಗಿಷ್ಟು ಬೆಂಕಿ ಹಾಕ! ಕುಡಿದು ಬಂದ, ಬಿದ್ದುಕೊಂಡ. ಬಾಟಲಿ ಕಂಡರೆ ವಾಕರಿಕೆ ಬರಬೇಕಿತ್ತಲ್ಲ, ಬರಲಿಲ್ಲ.

ಮರುದಿನ ಬೆಳಿಗ್ಗೆ ವನಜಾಕ್ಷಿ ಏಳುವಷ್ಟರಲ್ಲಿ ಮನೆಯೆಲ್ಲ ಬುಡಮೇಲಾಗಿತ್ತು. ಬೀರು ಗೋಡೆ ಬಿಟ್ಟು ನಡುಮನೆಗೆ ಬಂದಿತ್ತು, ಅಟ್ಟದ ಪಾತ್ರೆಗಳು ನೆಲದ ಮೇಲಿದ್ದವು. ಚೆಲುವರಾಜು ಮಂಚದಡಿ ತೂರಿಕೊಂಡು ಕೈಯಾಡಿಸುತ್ತಿದ್ದ.

"ಎಲ್ಲೋ ಇಲಿ ಸತ್ತದೆ ಕಣೇ," ಅಂದ ಮೂಗು ಮುಚ್ಚಿಕೊಂಡು. "ಅಬ್ಬಬ್ಬಾ, ಏನ್ ನಾತ! ನಿಂಗೆ ಬರ್ತಿಲ್ವಾ?"

"ಇಲಿ ಎಲ್ಲೂ ಸತ್ತಿಲ್ಲ, ಏಳ್ರೀ ಮೇಲಕ್ಕೆ."

"ಸತ್ತದೆ. ನಿನ್ನೆ ನಾನೇ ನೋಡ್ದೆ, ಇಷ್ಟುದ್ದ ಇತ್ತು, ಬಾಲ ತುಂಡಾಗಿತ್ತು."

ಅವನು ಸುಳ್ಳು ಹೇಳುತ್ತಿರಲಿಲ್ಲ. ನೆನಪು ತೂತಾದ ಕಡೆ ಅವನ ಮೆದುಳು ಕೈಗೆ ಸಿಕ್ಕಿದ ಕತೆಯಿಂದ ತೇಪೆ ಹಾಕುತ್ತಿತ್ತು. ಹೀಗಾಗುತ್ತದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಆದರೆ ಅವನು ಮುಖ ಸಿಂಡರಿಸಿದ ರೀತಿಯನ್ನು ವನಜಾಕ್ಷಿ ಬಗ್ಗಿ ಮತ್ತೊಮ್ಮೆ ನೋಡಿದಳು. ಎಡಗಡೆಯ ಮೂಗಿನ ಹೊಳ್ಳೆ ಮಾತ್ರ ಮೇಲೆದ್ದು, ಮೇಲ್ದುಟಿ ಓರೆಯಾಗಿತ್ತು. ಅದು ಅವಳದೇ ಮುಖ. ಕಾರ್ಖಾನೆಯಲ್ಲಿ ಎಂದೂ ಮಾಡದೆ, ಮನೆಯಲ್ಲಿ ಮಾತ್ರ ಮಾಡುತ್ತಿದ್ದ ಮುಖ.

ಅವನು ಹಾಸಿಗೆ ಹೊರಗೆ ಹಾಕಿದ, ನಾತ ಹೋಗಲಿಲ್ಲ. ಫಿನಾಯಿಲ್ ಸುರಿದ, ಹೋಗಲಿಲ್ಲ. ಬೀದಿಗೆ ಹೋದರೆ ಬೀದಿಗೂ ಬಂತು. ಯಾವನೋ ನಮ್ಮ ಬೀದಿಗೆಲ್ಲ ಇಲಿ ಎಸೆದವ್ನೆ ಎಂದು ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋದ. ಹನ್ನೊಂದು ಗಂಟೆಗೆ ಅಂಗಡಿಗೆ ಹೋಗಿ ಎರಡು ಗುಟುಕು ಹಾಕಿದನೋ ಇಲ್ಲವೋ, ಕಸಿಯ ಅಲೆ ಮಂಕಾಗಿ ನಾತ ಮಾಯವಾಯಿತು. ಹಸನ್ಮುಖಿಯಾಗಿ ಮನೆಗೆ ಬಂದು, "ಇಲಿ ಸಿಕ್ತು, ಎಸೆದು ಬಂದೆ," ಅಂದ. ಮರುದಿನ ಬೆಳಿಗ್ಗೆ ಮತ್ತೆ ಇಲಿ. ಮೊದಲು ಸಂಜೆಗೆ ಕುಡಿಯುತ್ತಿದ್ದವನು ಈಗ ಹಲ್ಲುಜ್ಜುವ ಮೊದಲೇ ಕುಡಿಯತೊಡಗಿದ.

ವನಜಾಕ್ಷಿ ನೆಟ್ಟಗೆ ಕೇಂದ್ರಕ್ಕೆ ಹೋಗಿ ಇಂದುಧರರ ಮೇಜಿನ ಮುಂದೆ ನಿಂತಳು.

"ಏನ್ ಸಾರ್ ಮಾಡಿಟ್ರಿ ನೀವು? ಅವ್ರಿಗೆ ಹೆಂಡ ಕಂಡ್ರೆ ಹೇಸಿಗೆ ಆಗ್ತಿಲ್ಲ. ತಮ್ಮ ಮೈ ಕಂಡ್ರೇ ಹೇಸಿಗೆ ಆಗ್ತಾ ಅದೆ. ಅದು ತಮ್ಮ ಮೈ ಅಂತ್ಲೂ ಗೊತ್ತಿಲ್ಲ. ಅದನ್ನ ಮರೆಯಕ್ಕೆ ಇನ್ನೂ ಕುಡೀತಾವ್ರೆ."

ಇಂದುಧರ ದಾಖಲೆ ತೆಗೆದು ನೋಡಿದರು. ಅಂಗಿ ಎಂಬ ಪದದ ಮೇಲೆ ಅವರ ಬೆರಳು ನಿಂತಿತು.

"ತಪ್ಪಾಗಿದೆ ಅಮ್ಮ," ಅಂದರು. "ಅಳಿಸಿಬಿಡ್ತೀವಿ. ಆದ್ರೆ ಅದೇ ಜಾಗಕ್ಕೆ ಎರಡನೇ ಸಲ ಕಸಿ ಹತ್ತಲ್ಲ. ಅಳಿಸಿದ್ರೆ ಮತ್ತೆ ಮೊದಲಿನ ಹಾಗೇ ಆಗ್ತಾರೆ."

"ಮೊದಲಿನ ಹಾಗೆ ಅಂದ್ರೆ ಮೂರು ತಿಂಗ್ಳಲ್ಲಿ ವಾರ್ಡು."

"ಈಗಿನ ಲೆಕ್ಕದಲ್ಲಿ ಇನ್ನೂ ಬೇಗ."

ವನಜಾಕ್ಷಿ ಕುರ್ಚಿ ಎಳೆದು ಕೂತಳು. ಕಂಪಿನ ಕೋಣೆಯಲ್ಲಿ ಕೆಟ್ಟ ಮಿಶ್ರಣ ಬಂದಾಗ ಯೋಚಿಸುವ ಹಾಗೆ ಯೋಚಿಸಿದಳು. ಯಾವುದು ಮೇಲಿನ ವಾಸನೆ, ಯಾವುದು ತಳದ್ದು? ಆ ನಾತದ ತಳದಲ್ಲಿರುವುದು ನಿನ್ನೆಯ ಹೆಂಡ. ಹೆಂಡ ನಿಂತರೆ ಎರಡು ವಾರದಲ್ಲಿ ಅವನ ಬೆವರು ಬದಲಾಗುತ್ತದೆ, ಉಸಿರು ಬದಲಾಗುತ್ತದೆ, ನಾತ ತಾನಾಗಿಯೇ ಹೋಗುತ್ತದೆ. ಅವನಿಗೆ ಅಷ್ಟು ಗೊತ್ತಾದರೆ ಸಾಕು. ಅದು ತಲೆಯಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಮತ್ತೆ ಮತ್ತೆ ಹೇಳಬೇಕು.

"ಅಳಿಸ್ಬೇಡಿ," ಅಂದಳು. "ದಿಢೀರ್ ಅಂತ ನಿಲ್ಸಿದ್ರೆ ಫಿಟ್ಸ್ ಬರ್ತದೆ ಅಂದಿದ್ರಲ್ಲ, ಅದಕ್ಕೆ ಮಾತ್ರೆ ಕೊಡಿ. ದಿನಾ ಸೂಜಿ ಚುಚ್ಚೋಕೆ ಫರ್ಹಾನಾನ ಕಳ್ಸಿ. ಮಿಕ್ಕಿದ್ದು ನಾನು ನೋಡ್ಕತೀನಿ."

ಕಾರ್ಖಾನೆಗೆ ರಜೆ ಹಾಕಿ ಬಾಗಿಲ ಬಳಿ ಕೂತಳು. ಮೊದಲ ದಿನ ಬೆಳಿಗ್ಗೆ ಅವನು ಇಲಿ ಹುಡುಕುತ್ತ ಬಂದಾಗ ಅಡ್ಡ ನಿಂತು ಹೇಳಿಯೇಬಿಟ್ಟಳು.

"ಇಲಿಯೂ ಇಲ್ಲ, ಹೆಗ್ಗಣವೂ ಇಲ್ಲ. ನಾತ ನಿಮ್ದು. ಬೇಕಾದ್ರೆ ಅಂಗಿ ಎತ್ತಿ ಮೂಸ್ಕಳಿ."

ಅವನು ನಂಬಲಿಲ್ಲ. ಆಮೇಲೆ ಕಾಲರನ್ನು ಮೂಗಿಗೆ ಹಿಡಿದ. ಮುಖ ಬಿಳಿಚಿತು. ಅಂಗಿ ಕಿತ್ತೆಸೆದ, ಕಂಕುಳು ಮೂಸಿದ, ಅಂಗೈಗೆ ಉಸಿರು ಬಿಟ್ಟು ಮೂಸಿದ, ಬಚ್ಚಲಿಗೆ ಓಡಿ ವಾಂತಿ ಮಾಡಿದ. ಬಚ್ಚಲ ಬಾಗಿಲಲ್ಲಿ ನಿಂತು ವನಜಾಕ್ಷಿ ಕಣ್ತುಂಬ ನೋಡಿದಳು. ಯಾಕೆ ಮುಚ್ಚಿಡಬೇಕು, ಅವಳಿಗೆ ಖುಷಿಯಾಯಿತು. ಹನ್ನೊಂದು ವರ್ಷ ಅವಳು ಬಳಿದ ವಾಂತಿಯನ್ನು ಈಗ ಅವನೇ ಬಳಿಯುತ್ತಿದ್ದ.

"ಈ ನಾತ ಕುಡಿತದ್ದು," ಅಂದಳು. "ಕುಡಿದ್ರೆ ಒಂದು ಗಳಿಗೆ ಹೋಗ್ತದೆ, ನಾಳೆ ಎರಡರಷ್ಟು ಬರ್ತದೆ. ಕುಡೀದೆ ಎರಡು ವಾರ ಇದ್ರೆ ಪೂರ್ತಿ ಹೋಗ್ತದೆ."

"ಇನ್ ಕುಡಿಯಲ್ಲ ಕಣೇ, ದೇವ್ರಾಣೆ ಕುಡಿಯಲ್ಲ," ಎಂದು ಅತ್ತ. ಈ ಆಣೆ ಅವಳಿಗೆ ಹೊಸದೇನಲ್ಲ. ಆದರೆ ಈ ಸಲ ಅವನು ಚಪ್ಪಲಿ ಮೆಟ್ಟಲಿಲ್ಲ, ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ. ಅರ್ಧ ಗಂಟೆ ಬಚ್ಚಲಲ್ಲೇ ಮೈ ಉಜ್ಜಿಕೊಂಡ. ಹೊರಬಂದು ತಲೆ ಒರೆಸಿಕೊಳ್ಳುತ್ತ, "ವನಜಾ, ಎಲ್ಲೋ ಇಲಿ ಸತ್ತದೆ ಕಣೇ," ಅಂದ.

ಅವಳು ಮತ್ತೆ ಹೇಳಿದಳು. ಅವನು ಮತ್ತೆ ನಂಬಲಿಲ್ಲ, ಮತ್ತೆ ಮೂಸಿದ, ಮತ್ತೆ ಬಿಳಿಚಿದ, ಮತ್ತೆ ವಾಂತಿ ಮಾಡಿ ಮತ್ತೆ ಅತ್ತ. ದಿನಕ್ಕೆ ಮೂವತ್ತು ಸಲ, ನಲವತ್ತು ಸಲ. ಪ್ರತಿ ಸಲವೂ ಅವನ ಪಾಲಿಗೆ ಅದು ಮೊದಲನೆಯ ಸಲ. ಮೂರನೆಯ ದಿನ ಕೈಕಾಲು ನಡುಗಿ ಇಲ್ಲದ ಹುಳುಗಳನ್ನು ಗೋಡೆಯಿಂದ ಹೆಕ್ಕಿದ. ಫರ್ಹಾನಾ ಇಡೀ ದಿನ ಪಕ್ಕದಲ್ಲೇ ಕೂತು ಮಾತ್ರೆ ನುಂಗಿಸಿದಳು. ಐದನೆಯ ದಿನಕ್ಕೆ ವನಜಾಕ್ಷಿಯ ಖುಷಿ ಇಂಗಿತ್ತು. ಎಂಟನೆಯ ದಿನಕ್ಕೆ ಹೇಳುವ ಮಾತೇ ಅವಳ ಬಾಯಲ್ಲಿ ಕಹಿಯಾಯಿತು. ಎದುರಿಗಿರುವವನು ಯಾರೇ ಆಗಲಿ, ನೀನು ನಾರುತ್ತೀಯ ಎಂದು ಒಂದು ಜೀವಕ್ಕೆ ದಿನವಿಡೀ ಹೇಳುತ್ತ ಕೂತವಳು ಎಂಥವಳು? ಛೀ, ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅವನು ಅಂಗಡಿಗೆ ಹೋಗುತ್ತಿದ್ದ.

ಹತ್ತನೆಯ ದಿನ ಅವನು ವಾಂತಿ ಮಾಡಲಿಲ್ಲ. ಕಾಲರು ಮೂಸಿ ಅಲ್ಲೇ ಕೂತು ಕೇಳಿದ.

"ಎಷ್ಟು ದಿನದಿಂದ ಹಿಂಗದೆ ಇದು?"

"ಹನ್ನೊಂದು ವರ್ಷ."

"ನೀನ್ ಇದ್ರ ಪಕ್ಕದಲ್ಲೇ ಮಲಗ್ತಿದ್ಯಾ?"

"ಮತ್ತಿನ್ನೆಲ್ಲಿ ಮಲಗ್ಲಿ?"

ಅವನು ಅವಳ ಮುಖವನ್ನೇ ನೋಡಿದ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳ ಮುಖದ ಮೇಲಿದ್ದದ್ದು ಅವನಿಗೆ ಕಂಡಿತು. ತಲೆ ತಗ್ಗಿಸಿ ಅವಳಿಂದ ದೂರ ಸರಿದು ಕೂತ. ವನಜಾಕ್ಷಿಗೆ ಅಳು ಉಕ್ಕಿತು, ಇಷ್ಟಕ್ಕಾಗಿಯೇ ತಾನು ಕಾದಿದ್ದೆ ಅನಿಸಿತು. ಏಳೆಂಟು ನಿಮಿಷದ ಮೇಲೆ ಅವನೆದ್ದು ಬೀರು ಎಳೆಯತೊಡಗಿದ, ಹಿಂದೆ ಇಲಿ ಇದೆಯೆಂದು.

ಹದಿನಾರನೆಯ ದಿನ ಬೆಳಿಗ್ಗೆ ಅವನು ಇಲಿಯ ಮಾತೆತ್ತಲಿಲ್ಲ. ಕಾಫಿ ಕೇಳಿದ. ವನಜಾಕ್ಷಿ ಅವನ ಹತ್ತಿರ ಬಗ್ಗಿ ಮೂಸಿದಳು: ಸೋಪು, ಬಿಸಿಲಿಗೆ ಒಣಗಿದ ಬಟ್ಟೆ, ಬರೀ ಮನುಷ್ಯನ ಚರ್ಮ. ನಾತ ಹೋಗಿತ್ತು, ಜೊತೆಗೆ ಅವನ ಹೇಸಿಗೆಯೂ ಹೋಗಿತ್ತು. ಹೆಂಡ ಇಳಿದು, ಸೂಜಿಯೂ ಹತ್ತಿ, ಒಂದೊಂದು ಮಾತು ತಲೆಯಲ್ಲಿ ನಿಲ್ಲುತ್ತಲೂ ಇತ್ತು. ಒಂದು ಸಲ ಮಾತ್ರ ಪಕ್ಕದ ಮನೆಯ ಮದುವೆಯಲ್ಲಿ ಯಾರೋ ಕುಡಿಸಿದರು. ಮರುದಿನ ತನ್ನ ಮೈ ನಾತಕ್ಕೆ ಅಂಜಿ ಬಚ್ಚಲಿಂದಲೇ ಹೊರಬರಲಿಲ್ಲ. ಆಮೇಲೆ ಲೋಟ ಕಂಡರೆ ಕಾರಣ ಗೊತ್ತಿಲ್ಲದೆಯೇ ಕೈ ಹಿಂದೆ ಸರಿಯುತ್ತಿತ್ತು.

ನಾಲ್ಕು ತಿಂಗಳ ಮೇಲೆ ಮತ್ತೆ ಚಿತ್ರ ತೆಗೆದಾಗ ಆ ಎರಡು ಗಂಟುಗಳು ಮತ್ತಷ್ಟು ಸೊರಗಿರಲಿಲ್ಲ. ಈಗ ಅವನಿಗೆ ಅರ್ಧ ಗಂಟೆ ನೆನಪು ನಿಲ್ಲುತ್ತಿತ್ತು. ಇನ್ನೂ ಸ್ವಲ್ಪ ಕೂಡಬಹುದು, ಪೂರ್ತಿ ಬರಲಾರದು ಅಂದರು ಇಂದುಧರ. ವಾರ್ಡಿನ ಮಂಚ ಅಂತೂ ತಪ್ಪಿತ್ತು. ಡಾಕ್ಟರಿಗೆ ಹಿಗ್ಗೋ ಹಿಗ್ಗು. ಪ್ರಬಂಧ ಬರೆಯಲು ಕೊನೆಯದೊಂದು ದಾಖಲೆ ಬೇಕೆಂದು ವನಜಾಕ್ಷಿಯನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಟೋಪಿ ಹಾಕಿದರು. ಫರ್ಹಾನಾ ಚೆಲುವರಾಜು ಅವತ್ತು ತೊಟ್ಟು ಬಂದಿದ್ದ ಅಂಗಿ ತಂದು ಹಿಡಿದಳು.

ವನಜಾಕ್ಷಿ ಮೂಸಿದಳು. ಅಂಗಿಯಲ್ಲಿ ಒಂದು ಕೆಟ್ಟ ಎಳೆಯೂ ಇರಲಿಲ್ಲ. ಪರದೆಯ ಮೇಲೆ ಗೆರೆ ಎದ್ದು ತುದಿ ಮುಟ್ಟಿ ಅಲ್ಲೇ ನಿಂತಿತು.

"ಯಂತ್ರ ಕೆಟ್ಟಿರ್ಬೇಕು," ಅಂದರು ಇಂದುಧರ.

"ಯಂತ್ರ ಸರಿಯಾಗದೆ ಸಾರ್," ಅಂದಳು ವನಜಾಕ್ಷಿ. ಹೊಟ್ಟೆ ಹಿಂಡುತ್ತಿದ್ದದ್ದು ಅವಳಿಗೆ ಗೊತ್ತೇ ಇತ್ತು. ನಾಲ್ಕು ತಿಂಗಳಿಂದ ಶುದ್ಧವಾದ ಗಂಡನ ಪಕ್ಕದಲ್ಲಿ ಅನ್ನ ಕಲಸುವಾಗಲೂ ಅದು ಹಾಗೆಯೇ ಹಿಂಡುತ್ತಿತ್ತು.

ಇಂದುಧರ ಟೋಪಿ ತೆಗೆಯುತ್ತ ಮೆಲ್ಲಗೆ ಹೇಳಿದರು. "ಅವರಿಗೆ ಕೊಟ್ಟದ್ದನ್ನ ಅಳಿಸಬಹುದು ಅಂದಿದ್ದೆನಲ್ಲ. ನಿಮ್ಮದನ್ನೂ ಅಳಿಸಬಹುದು. ಹದಿನೈದು ನಿಮಿಷದ ಕೆಲಸ. ಸುಖವಾಗಿ ಸಂಸಾರ ಮಾಡ್ಬಹುದು."

"ಬ್ಯಾಡ ಸಾರ್. ಕುಡಿದು ಮಾಡಿದ್ದು ಅವ್ರಿಗೆ ಒಂದೂ ನೆನಪಿಲ್ಲ. ನನ್ ಹೊಟ್ಟೆಯಿಂದ್ಲೂ ಅಳಿಸ್ಬಿಟ್ರೆ ಅದೆಲ್ಲ ನಡೀಲೇ ಇಲ್ಲ ಅಂತಾಗ್ತದೆ. ನಡೆದದೆ ಸಾರ್, ನಂಗೆ ನಡೆದದೆ."

ಹೊರಗೆ ಬೆಂಚಿನ ಮೇಲೆ ಚೆಲುವರಾಜು ಕೂತಿದ್ದ. ಅವನನ್ನು ಕರೆದೊಯ್ಯಲು ಅವನ ಅಕ್ಕ ಪುಟ್ಟಗೌರಿ ನಂಜನಗೂಡಿನಿಂದ ಬಂದು ಕೆಳಗೆ ಔಷಧಿಯ ಸಾಲಿನಲ್ಲಿ ನಿಂತಿದ್ದಳು. ವನಜಾಕ್ಷಿಯೇ ವಾರದ ಹಿಂದೆ ಫೋನ್ ಮಾಡಿ, ನಿಮ್ಮ ತಮ್ಮ ಈಗ ಯಾರ ಮನೆಯಲ್ಲಾದರೂ ಇರಬಲ್ಲ, ನನ್ನ ಕೈಲಿ ಮಾತ್ರ ಇನ್ನಾಗದು ಎಂದಿದ್ದಳು. ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಅವನ ಬಟ್ಟೆಯ ಚೀಲವಿತ್ತು.

"ನೀನ್ ಬರಲ್ವಾ?" ಅಂದ ಚೆಲುವರಾಜು.

"ಇಲ್ಲ."

"ಯಾಕೆ, ನಾನೇನ್ ಮಾಡ್ದೆ?"

ಅವನ ದನಿಯಲ್ಲಿ ನಾಟಕವಿರಲಿಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ವನಜಾಕ್ಷಿ ಅವನ ಪಕ್ಕದಲ್ಲಿ ಕೂತು ಹೇಳತೊಡಗಿದಳು. ಮದುವೆಯ ಮೂರನೆಯ ವರ್ಷದಿಂದ ಶುರು ಮಾಡಿದಳು. ನಾದಿನಿಯ ಸೀಮಂತದ ದಿನ ಕಲಸಿಟ್ಟ ಒಬ್ಬಟ್ಟಿನ ಕಣಕಕ್ಕೆ ಉಚ್ಚೆ ಹೊಯ್ದದ್ದು. ಅವಳ ಅಪ್ಪನ ತಿಥಿಯ ಎಡೆಯ ಮೇಲೆ ಕಾರಿದ್ದು. ಒದ್ದದ್ದು, ಒದ್ದು ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು ಹೋದದ್ದು, ಆ ರಕ್ತದ ಬಟ್ಟೆಯ ಮೇಲೇ ಕುಡಿದು ಬಂದು ಮಲಗಿದ್ದು. ಒಂದನ್ನೂ ಬಿಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಎಲ್ಲ ಹೇಳಿ ಮುಗಿಯುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು. ಪುಟ್ಟಗೌರಿ ಔಷಧಿ ಹಿಡಿದು ಮೆಟ್ಟಿಲ ಬಳಿ ಬಂದು ನಿಂತಿದ್ದಳು.

ಚೆಲುವರಾಜು ಕಣ್ಣೀರು ಸುರಿಸುತ್ತ ಎಲ್ಲವನ್ನೂ ಕೇಳಿದ. ಕೊನೆಯದನ್ನು ಕೇಳುವ ಹೊತ್ತಿಗೆ ಮೊದಲಿನದು, ಅದು ಯಾರ ಕತೆ ಎಂಬುದು ಸಮೇತ, ಅವನಿಗೆ ಮರೆತುಹೋಗಿತ್ತು. ಅವನ ಎಡಗಡೆಯ ಹೊಳ್ಳೆ ಮೇಲೆದ್ದಿತು, ತುಟಿ ಓರೆಯಾಯಿತು.

"ಥೂ! ಯಾವನೇ ಅವ್ನು?" ಅಂದ. "ಅಂಥ ಹೊಲಸು ನನ್ಮಗನ ಜೊತೆ ಯಾವ ಹೆಂಗ್ಸು ಬಾಳ್ತಾಳೆ?"

"ಯಾರೂ ಬಾಳಲ್ಲ ಕಣ್ರೀ," ಅಂದಳು ವನಜಾಕ್ಷಿ. ಬಟ್ಟೆಯ ಚೀಲವನ್ನು ಪುಟ್ಟಗೌರಿಯ ಕೈಗೆ ಕೊಟ್ಟು ಮೆಟ್ಟಿಲಿಳಿದಳು.